ಒಂದು ಕಟ್ಟು ಬೀಡಿಯ ಹೊತ್ತು

ನಿಪ್ಪಾಣಿಯ ಹಳೆಯ ತಂಬಾಕಿನ ವಖಾರಿಗಳ ಹಿಂದಿನ ಓಣಿಯಲ್ಲಿ ಯಾರಿಗಾದರೂ ನಾಯಿ ಕಚ್ಚಿದರೆ, ಜನ ಮೊದಲು ಕೇಳುವುದು ಎಲ್ಲಿ ಕಚ್ಚಿತು, ಯಾರ ನಾಯಿ ಎಂದಲ್ಲ. "ಸಕ್ಕುಬಾಯಿ ಮನೀ ಮುಂದ ಕುಂತು ಬಂದ್ಯೇನು?" ಎಂದು ಕೇಳುತ್ತಾರೆ. ಕೂತು ಬಂದಿದ್ದರೆ ಮುಂದಿನ ಮಾತು. ಇಲ್ಲದಿದ್ದರೆ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಕೂರಿಸುತ್ತಾರೆ. ಇದು ಒಂದು ದಿನದಲ್ಲಿ ಬಂದ ಅಭ್ಯಾಸವಲ್ಲ. ಒಬ್ಬ ಹೆಂಗಸು ಹತ್ತೊಂಬತ್ತು ವರ್ಷ ಬೈದು, ಗದರಿ, ಕೆಲವು ಸಲ ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಳಕ್ಕೇ ನಿಂತು ಮಾಡಿಸಿದ ಅಭ್ಯಾಸ.

ಸಕ್ಕುಬಾಯಿಗೆ ಈಗ ಐವತ್ತೆರಡು ವರ್ಷ. ಬೀಡಿ ಕಟ್ಟುವವಳು. ಮನೆಯ ಕಟ್ಟೆಯ ಮೇಲೆ ಕೂತು ಮಡಿಲಲ್ಲಿ ಮೊರ ಇಟ್ಟುಕೊಂಡರೆ, ಬಾಯಿ ಊರ ಸುದ್ದಿಯೆಲ್ಲ ಹೇಳುತ್ತಿದ್ದರೂ ಬೆರಳು ತಮ್ಮ ಪಾಡಿಗೆ ತಾವು ಎಲೆ ಹಿಡಿದು, ತಂಬಾಕು ತುಂಬಿ, ಸುರುಳಿ ಸುತ್ತುತ್ತಿರುತ್ತವೆ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ದಾರ ಸುತ್ತಿ ಬದಿಗಿಟ್ಟರೆ ಮತ್ತೊಂದು. ಕಟ್ಟೆಯ ಪಕ್ಕದಲ್ಲಿ ನಾಲ್ಕು ಕಲ್ಲಿನ ಮೇಲೆ ಒಂದು ನೀಲಿ ಬ್ಯಾರಲ್ಲು ಇದೆ. ಅದಕ್ಕೊಂದು ನೀರು ಬಿಡುವ ತೋಟಿ, ತೋಟಿಯ ಕೆಳಗೆ ಕೂರಲು ಒಂದು ಕಲ್ಲು, ಪಕ್ಕದ ತಟ್ಟೆಯಲ್ಲಿ ಬಟ್ಟೆ ತೊಳೆಯುವ ಸಬಕಾರ. ನಳದಲ್ಲಿ ನೀರು ಎರಡು ದಿನಕ್ಕೊಮ್ಮೆ ಬರಲಿ, ನಾಲ್ಕು ದಿನಕ್ಕೊಮ್ಮೆ ಬರಲಿ, ಆ ಬ್ಯಾರಲ್ಲು ಖಾಲಿ ಇದ್ದುದನ್ನು ಯಾರೂ ನೋಡಿಲ್ಲ. ಗಡಿಬಿಡಿಯಲ್ಲಿ ಯಾರಾದರೂ ಪಾತ್ರೆ ತೊಳೆಯಲು ಅದರ ತೋಟಿ ತಿರುವಿದರೆ ಅವರ ಏಳು ತಲೆಮಾರಿನವರ ಹೆಸರೂ ಓಣಿಯಲ್ಲಿ ಮೆರವಣಿಗೆ ಹೊರಡುತ್ತದೆ.

ಕಚ್ಚಿಸಿಕೊಂಡವರು ಆ ಕಲ್ಲಿನ ಮೇಲೆ ಕೂರಬೇಕು. ತೋಟಿ ಬಿಟ್ಟು, ಸಬಕಾರ ಹಚ್ಚಿ, ಹರಿಯುವ ನೀರಿನಲ್ಲಿ ಗಾಯ ತೊಳೆಯುತ್ತಲೇ ಇರಬೇಕು. ಅವರು ತೋಟಿ ತಿರುವಿದ ಕ್ಷಣಕ್ಕೆ ಸಕ್ಕುಬಾಯಿ ಹೊಸ ಕಟ್ಟಿನ ಮೊದಲ ಎಲೆ ಎತ್ತುತ್ತಾಳೆ. ಇಪ್ಪತ್ತೈದನೆಯ ಬೀಡಿ ಮುಗಿದು ದಾರ ಬೀಳುವ ತನಕ ಏಳುವಂತಿಲ್ಲ. ಒಮ್ಮೆ ಬ್ಯಾಂಕಿನ ಸಾಹೇಬರೊಬ್ಬರು ಎರಡೇ ನಿಮಿಷಕ್ಕೆ ಮಡಚಿದ ಪ್ಯಾಂಟಿನ ಕಾಲು ಇಳಿಸಿಕೊಂಡು ಎದ್ದು ನಿಂತರು. "ಇನ್ನೂ ಮೂರು ಬೀಡಿ ಆಗ್ಯಾವ್ರಿ ಸಾಹೇಬ್ರ, ಕುಂಡ್ರರಿ" ಅಂದಳು. ಸಾಹೇಬರು ತೆಪ್ಪಗೆ ಕೂತರು.

ಕಟ್ಟು ಮುಗಿದ ಮೇಲೆ ಅವಳ ಮಾತು ನಾಲ್ಕೇ. ಗಾಯಕ್ಕೆ ಸುಣ್ಣ, ಖಾರದ ಪುಡಿ, ತಂಬಾಕು, ಅರಿಷಿಣ ಏನೂ ಹಚ್ಚಬೇಡ, ಬಟ್ಟೆಯನ್ನೂ ಬಿಗಿಯಬೇಡ. ಇಲ್ಲಿಂದ ಸೀದಾ ಸರಕಾರಿ ದವಾಖಾನೆಗೆ ಹೋಗು. ರಕ್ತ ಬಂದಿದ್ದರೆ ಗಾಯದೊಳಗೆ ಹಾಕುವ ಸೀರಮ್ಮನ್ನು ಬಾಯಿಬಿಟ್ಟು ಕೇಳು. ಸೂಜಿ ನಾಲ್ಕು ಸಲ: ಇವತ್ತು, ಮೂರು ದಿನಕ್ಕೆ, ಏಳು ದಿನಕ್ಕೆ, ಇಪ್ಪತ್ತೆಂಟು ದಿನಕ್ಕೆ. "ಮೂರು ತಗೊಂಡು ನಾಲ್ಕನೇದು ಬಿಟ್ಟಿ ಅಂದ್ರ ಈ ಓಣ್ಯಾಗ ಮಾರಿ ತೋರಸಬ್ಯಾಡ." ಇಷ್ಟು ಹೇಳಿ ಮತ್ತೆ ಮೊರ ನೋಡುತ್ತಾಳೆ. ಆದರೆ ದವಾಖಾನೆಗೆ ಇಷ್ಟೊಂದು ಜನರನ್ನು ಅಟ್ಟಿದ ಸಕ್ಕುಬಾಯಿ ತಾನು ಮಾತ್ರ ಹತ್ತೊಂಬತ್ತು ವರ್ಷದಿಂದ ಅದರ ಗೇಟು ದಾಟಿಲ್ಲ. ಯಾಕೆಂದು ಓಣಿಯ ಹಿರಿಯರಿಗೆ ಗೊತ್ತು. ಅವರು ಕೇಳುವುದಿಲ್ಲ.

ಬೀಡಿ ಕಟ್ಟುವವರ ಕೈಗೆ ನೀರೇ ವೈರಿ. ಒದ್ದೆ ಬೆರಳಿಗೆ ತಂಬಾಕು ಅಂಟುತ್ತದೆ, ಬೀಡಿ ಸಡಿಲಾಗುತ್ತದೆ, ಕಾರ್ಖಾನೆಯಲ್ಲಿ ಮಾಲು ನೋಡುವವನು ಮುರಿದು ಎಸೆಯುತ್ತಾನೆ. ಹಾಗಾಗಿ ಕೆಲಸಕ್ಕೆ ಕೂತವರು ಊಟದ ಹೊತ್ತಿನ ತನಕ ಕೈಗೆ ನೀರು ಸೋಕಿಸುವುದಿಲ್ಲ. ಬೆರಳು ಕೊಯ್ದರೂ, ಚುಚ್ಚಿದರೂ, ಕಚ್ಚಿದರೂ ಒಂದೇ ಮದ್ದು, ಅದು ಮೊರದಲ್ಲೇ ಇರುತ್ತದೆ. ಒಂದು ಚಿಟಿಕೆ ತಂಬಾಕು ಗಾಯಕ್ಕೆ ಒತ್ತುವುದು, ಮೇಲೆ ಒಂದು ತುಂಡು ಎಲೆ ಸುತ್ತಿ ಬೀಡಿಯ ದಾರದಿಂದ ಬಿಗಿಯುವುದು. ರಕ್ತ ನಿಲ್ಲುತ್ತದೆ, ಕೆಲಸ ನಿಲ್ಲುವುದಿಲ್ಲ. ಕೊಯ್ದ ಗಾಯಕ್ಕೆ ಅದು ಹೇಗೋ ನಡೆದೀತು. ನಾಯಿ ಕಚ್ಚಿದ ಗಾಯಕ್ಕೆ ಹಾಗೆ ಮಾಡುವುದೆಂದರೆ ಕಳ್ಳನನ್ನು ಒಳಗೆ ಬಿಟ್ಟು ಬಾಗಿಲು ಹಾಕಿದ ಹಾಗೆ.

ಸಕ್ಕುಬಾಯಿಗೆ ಶೇವಂತಾ ಎಂಬ ತಂಗಿ ಇದ್ದಳು. ಇಪ್ಪತ್ತಮೂರು ವರ್ಷದವಳು, ಅಕ್ಕನಿಗಿಂತ ಚುರುಕಾಗಿ ಬೀಡಿ ಕಟ್ಟುತ್ತಿದ್ದಳು, ಅಕ್ಕನಿಗಿಂತ ಜೋರಾಗಿ ನಗುತ್ತಿದ್ದಳು. ಹತ್ತೊಂಬತ್ತು ವರ್ಷದ ಹಿಂದೆ ವಖಾರಿಯ ಗೇಟಿನ ಹತ್ತಿರ ಒಂದು ಮರಿನಾಯಿ ಅವಳ ಬಲಗೈ ಹೆಬ್ಬೆರಳಿಗೆ ಬಾಯಿ ಹಾಕಿತು. ಒಂದು ಜ್ವಾಳದ ಕಾಳಿನಷ್ಟು ಗಾಯ. ಗಾಯಕ್ಕೆ ತಂಬಾಕು ಒತ್ತಿ ದಾರ ಬಿಗಿದವಳು ಸಕ್ಕುಬಾಯಿಯೇ. ಮುಂದಿನ ಐತವಾರ ಅವಳನ್ನು ಚಿಕ್ಕೋಡಿ ರಸ್ತೆಯ ಬದಿಯ ಬಾಬಾಸಾಹೇಬರ ತೋಟಕ್ಕೆ ಕರೆದುಕೊಂಡು ಹೋಗಿ ನಾಯಿಗುಳಿಗೆ ನುಂಗಿಸಿದವಳೂ ಅವಳೇ.

ಬಾಬಾಸಾಹೇಬರ ಗುಳಿಗೆ ಎಂದರೆ ಸುತ್ತಲ ಹತ್ತೂರಿಗೆ ಗೊತ್ತು. ಅಜ್ಜನ ಕಾಲದ ವಿದ್ಯೆ. ಯಾವುದೋ ಬೇರು ಅರೆದು ಬೆಲ್ಲದಲ್ಲಿ ಕಟ್ಟಿ ಕೊಡುತ್ತಿದ್ದರು. ಏಳು ದಿನ ಎಣ್ಣೆ ತಿನ್ನಬಾರದು, ಮೊಸರು ತಿನ್ನಬಾರದು, ಎಲ್ಲಕ್ಕಿಂತ ಮುಖ್ಯ, ಗಾಯಕ್ಕೆ ನೀರು ಸೋಕಿಸಬಾರದು. ಐತವಾರ ಬಂತೆಂದರೆ ರಾಯಬಾಗ, ಅಥಣಿ, ಕಾಗವಾಡ ಕಡೆಯಿಂದಲೂ ಜನ ಮೂರುಗಾಲಿಯ ಟಂಟಂ ಕಟ್ಟಿಕೊಂಡು ಬರುತ್ತಿದ್ದರು. ಬಾಬಾಸಾಹೇಬರು ಒಬ್ಬರಿಂದಲೂ ಒಂದು ರೂಪಾಯಿ ಮುಟ್ಟಿದವರಲ್ಲ, ದೇವರ ಮುಂದೆ ಒಂದು ಕಾಯಿ ಇಟ್ಟರೆ ಸಾಕು. ನಮ್ಮ ಜನ ಅಲ್ಲೇ ಸೋಲುವುದು. ದುಡ್ಡು ಮುಟ್ಟದವನ ಮದ್ದು ಸುಳ್ಳಾಗದು ಅನ್ನುವ ನಂಬಿಕೆ ನಮ್ಮ ರಕ್ತದಲ್ಲೇ ಇದೆ. ಆ ಮನುಷ್ಯ ಮೋಸಗಾರನಾಗಿದ್ದರೆ ಎಷ್ಟೋ ಜೀವ ಉಳಿಯುತ್ತಿದ್ದವು, ಏಕೆಂದರೆ ಮೋಸಗಾರನನ್ನು ಜನ ಒಂದಲ್ಲ ಒಂದು ದಿನ ಹಿಡಿಯುತ್ತಾರೆ. ಇವರು ಒಳ್ಳೆಯವರು. ತಮ್ಮ ಗುಳಿಗೆಯನ್ನು ತಾವೇ ನಂಬಿದ್ದರು.

ಮತ್ತೆ ಗುಳಿಗೆ ತಿಂದವರಲ್ಲಿ ಬಹಳ ಜನ ಬದುಕಿದ್ದೂ ನಿಜ. ಕಚ್ಚುವ ನಾಯಿಗಳಿಗೆಲ್ಲ ಹುಚ್ಚು ಇರುವುದಿಲ್ಲವಲ್ಲ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅಂತಾರಲ್ಲ, ಹಾಗೆ. ಹುಚ್ಚಿಲ್ಲದ ನಾಯಿ ಕಚ್ಚಿದವರು ಬದುಕಿ ಗುಳಿಗೆಗೆ ಹೆಸರು ತಂದರು, ಹುಚ್ಚುನಾಯಿ ಕಚ್ಚಿದವರು ಹೇಳಿಕೊಳ್ಳಲು ಉಳಿಯಲಿಲ್ಲ.

ಶೇವಂತಾ ನಲವತ್ತೊಂದು ದಿನ ಚೆನ್ನಾಗಿಯೇ ಇದ್ದಳು. ನಲವತ್ತೆರಡನೆಯ ದಿನ ಚಹದ ಬಟ್ಟಲು ತುಟಿಗೆ ತಂದವಳು ಗಂಟಲು ಹಿಡಿದುಕೊಂಡು ದೂರ ತಳ್ಳಿದಳು. ಸಂಜೆಯ ಹೊತ್ತಿಗೆ ಕೊಡದ ನೀರಿನ ಸದ್ದು ಕೇಳಿದರೂ ನಡುಗತೊಡಗಿದಳು. ದವಾಖಾನೆಗೆ ಒಯ್ದಾಗ ಡಾಕ್ಟರು ಬೆರಳು ನೋಡಿ ಸಕ್ಕುಬಾಯಿಯನ್ನು ಹೊರಗೆ ಕರೆದು ಹೇಳಿದರು, ಈ ರೋಗ ತಲೆಗೇರಿದ ಮೇಲೆ ಲೋಕದಲ್ಲಿ ಯಾರ ಹತ್ತಿರವೂ ಮದ್ದಿಲ್ಲ, ಕಚ್ಚಿದ ದಿನವೇ ತೊಳೆದು ಸೂಜಿ ಹಾಕಿಸಿದ್ದರೆ ಬರುತ್ತಲೇ ಇರಲಿಲ್ಲ. "ಎಷ್ಟೊತ್ತು ತೊಳೀಬೇಕಿತ್ರಿ?" ಎಂದು ಕೇಳಿದಳು. "ಸಬಕಾರ ಹಚ್ಚಿ ಹದಿನೈದು ನಿಮಿಷ." ಮೂರು ದಿನಕ್ಕೆ ತಂಗಿ ಹೋದಳು. ದಿನಕರ್ಮ ಎಲ್ಲ ಮುಗಿದ ಮೇಲೆ ಸಕ್ಕುಬಾಯಿ ಮೊದಲ ಸಲ ಮೊರ ಹಿಡಿದು ಕೂತಾಗ ಗೋಡೆಯ ಗಡಿಯಾರ ನೋಡಿಕೊಂಡೇ ಕೂತಳು. ಒಂದು ಕಟ್ಟು ಮುಗಿದಾಗ ಹದಿನೈದು ನಿಮಿಷ ಆಗಿತ್ತು. ಅಷ್ಟೇ ಹೊತ್ತು. ಎದೆ ಬಡಿದುಕೊಂಡು ಅಳಬೇಕೆನಿಸಿತು. ಅಳಲಿಲ್ಲ. ಎದ್ದು ಹೋಗಿ ಬ್ಯಾರಲ್ಲು ತಂದಳು.

ಬಾಬಾಸಾಹೇಬರ ತೋಟಕ್ಕೂ ಹೋಗಿದ್ದಳು, ತಂಗಿ ಸತ್ತ ಹತ್ತನೇ ದಿನಕ್ಕೆ. ಅವರು ಮರುಗಿದರು, ನೀರು ಕೊಟ್ಟರು, ಕೊನೆಗೆ "ಪಥ್ಯಾ ಮುರದಿರಬೇಕವ್ವ" ಅಂದರು. ಏಳು ದಿನ ಒಣ ರೊಟ್ಟಿ ತಿಂದ ಹುಡುಗಿ ಸತ್ತ ಮೇಲೂ ತಪ್ಪಿತಸ್ಥಳಾದಳು. ಅಂದಿನಿಂದ ಸಕ್ಕುಬಾಯಿಯ ಹಟ ಒಂದೇ, ಗುಳಿಗೆ ಕೊಡುವ ಆ ಅಂಗಳ ಮುಚ್ಚಿಸಬೇಕು. ಎಷ್ಟೋ ಐತವಾರ ಅವರ ಗೇಟಿನ ಮುಂದೆ ನಿಂತು ಕೂಗಿದಳು. ತಂಗಿ ಸತ್ತ ಸಂಕಟ, ಪಾಪ, ಎಂದು ಜನ ಅವಳನ್ನು ದಾಟಿ ಒಳಗೆ ಹೋದರು. ಓಣಿಯನ್ನು ಗೆದ್ದವಳಿಗೆ ಆ ಅಂಗಳವನ್ನು ಗೆಲ್ಲಲಾಗಲಿಲ್ಲ.

ಹೋದ ಚಳಿಗಾಲದ ಒಂದು ಐತವಾರ ಮಧ್ಯಾಹ್ನ ಅವಳೊಬ್ಬಳೇ ಕಟ್ಟೆಯ ಮೇಲಿದ್ದಳು. ಓಣಿಯ ಹೆಂಗಸರೆಲ್ಲ ಪ್ಯಾಟೆಗೆ ಹೋಗಿದ್ದರು. ಟಂಟಂ ಒಂದು ಬಂದು ನಿಂತಿತು. ಮುಖಕ್ಕೆ ಟವೆಲ್ ಸುತ್ತಿಕೊಂಡ ಎತ್ತರದ ಮುದುಕರೊಬ್ಬರು ಕುಂಟುತ್ತಾ ಇಳಿದರು. ಧೋತರ ಮೊಣಕಾಲಿನ ಕೆಳಗೆ ರಕ್ತದಲ್ಲಿ ಒದ್ದೆಯಾಗಿತ್ತು. ಹತ್ತಿರ ಬಂದು ಟವೆಲ್ ತುಸು ಸರಿಸಿದರು. ಬಾಬಾಸಾಹೇಬ.

ಸಕ್ಕುಬಾಯಿಯ ಕೈ ಹಾಗೇ ನಿಂತಿತು.

"ನಮ್ಮ ಮೋತ್ಯಾ" ಅಂದರು. "ಎರಡು ದಿನದಿಂದ ಕತ್ತಲ ಮೂಲ್ಯಾಗ ಕುಂತಿತ್ತು. ಜೊಲ್ಲು ಸುರಸಾಕತ್ತಿತ್ತು. ಕಟ್ಟಾಕ ಹೋದೆ."

ನಲವತ್ತು ವರ್ಷದಿಂದ ಎಂಥೆಂಥ ನಾಯಿ ಕಚ್ಚಿದವರ ಕತೆ ಕೇಳಿದ ಮನುಷ್ಯ. ಮೋತ್ಯಾಗೆ ಏನಾಗಿದೆ ಎಂದು ಯಾರೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಅಂದು ಮುಂಜಾನೆ ಮೂವತ್ತು ಜನಕ್ಕೆ ಗುಳಿಗೆ ಕೊಟ್ಟ ಕೈ ಈಗ ಧೋತರವನ್ನು ಗಾಯಕ್ಕೆ ಒತ್ತಿ ಹಿಡಿದಿತ್ತು.

"ನಾಯಿಗೆ ಸೂಜಿ ಹಾಕ್ಸಿದ್ರೇನು?"

"ಇಲ್ಲ."

"ಗುಳಿಗಿ ತಿಂದೀರೇನು?"

ಬಾಬಾಸಾಹೇಬರು ಟವೆಲ್ ಮತ್ತೆ ಮುಖಕ್ಕೆ ಎಳೆದುಕೊಂಡರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಒಂದು ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಹತ್ತೊಂಬತ್ತು ವರ್ಷ ಕಾದ ಮಾತು. ಆದರೆ ರಕ್ತ ಪಾದಕ್ಕೆ ಇಳಿಯುತ್ತಿತ್ತು. ಬೈಗುಳಕ್ಕೆ ನಾಳೆಯೂ ಇದೆ, ತೊಳೆಯುವುದಕ್ಕೆ ಇಲ್ಲ.

"ಒಳಗ ತೊಳಕೊಳ್ಳಾಕ ಬರ್ತೈತೇನು, ಸಕ್ಕುಬಾಯಿ? ಯಾರಾರ ನೋಡಿದ್ರ..."

"ಬ್ಯಾರಲ್ಲು ಹೊರಗ ಐತ್ರಿ ಕಾಕಾ. ಕುಂಡ್ರರಿ."

ಕೂತರು. ಮೀನಖಂಡದಲ್ಲಿ ನಾಲ್ಕು ಆಳದ ಹಲ್ಲಿನ ಗುರುತು. ಸಬಕಾರ ಹಚ್ಚಿದಾಗ ಹಲ್ಲು ಕಚ್ಚಿ ಉಸಿರು ಬಿಗಿ ಹಿಡಿದರು. ಸಕ್ಕುಬಾಯಿ ಎಲೆ ಎತ್ತಿದಳು. ಮೊದಲ ಎಲೆ ಹರಿಯಿತು. ಎರಡನೆಯದೂ ಹರಿಯಿತು. ನಲವತ್ತು ವರ್ಷದ ಕಸುಬಿನಲ್ಲಿ ಹಾಗಾದದ್ದು ನೆನಪಿಲ್ಲ. ಅದಾದ ಮೇಲೆ ಬೆರಳು ಓಡತೊಡಗಿದವು, ಸಿಟ್ಟಿನ ಓಟ. ದಾರ ಸುತ್ತಿ ಕಟ್ಟು ಬದಿಗಿಟ್ಟಾಗ ಅವಳಿಗೇ ಅನುಮಾನ ಬಂತು. ಈ ಕಟ್ಟು ಬೇಗ ಆಯಿತು. ಎಷ್ಟು ಬೇಗ? ಹತ್ತು ನಿಮಿಷವೋ, ಹನ್ನೊಂದೋ? ಇವರ ಮೇಲಿನ ಸಿಟ್ಟಿಗೆ ಇವರ ನಾಲ್ಕು ನಿಮಿಷ ನಾನೇ ತಿಂದೆನೇ?

"ಏಳಲೇನು?" ಅಂದರು ಬಾಬಾಸಾಹೇಬರು.

"ಏಳಬ್ಯಾಡ್ರಿ. ಇನ್ನೊಂದು ಕಟ್ಟು."

ಶಿಕ್ಷೆ ಎಂದುಕೊಂಡರೋ ಏನೋ, ತಲೆ ತಗ್ಗಿಸಿ ಮತ್ತೆ ಸಬಕಾರ ಎತ್ತಿಕೊಂಡರು. ಅವಳು ಈ ಸಲ ಒಂದೊಂದೇ ಬೀಡಿಯನ್ನು ತಾಳ್ಮೆಯಿಂದ ಸುತ್ತಿದಳು. ಒಬ್ಬನನ್ನು ದ್ವೇಷಿಸುತ್ತಲೇ ಅವನು ಬದುಕಲಿ ಎಂದು ಕೈ ಕೆಲಸ ಮಾಡುವುದು ಸಣ್ಣ ಮಾತಲ್ಲ. ನಾನಾಗಿದ್ದರೆ ಮಾಡುತ್ತಿದ್ದೆನೋ ಇಲ್ಲವೋ, ಹೇಳಲಾರೆ.

ತೊಳೆದಾದ ಮೇಲೆ ಅವರು ಕೊಲ್ಹಾಪುರಕ್ಕೆ ಹೋಗುತ್ತೇನೆ ಅಂದರು. ಇಲ್ಲಿಯ ದವಾಖಾನೆಯ ಸಾಲಿನಲ್ಲಿ ತಾನು ನಿಂತದ್ದನ್ನು ಕಂಡರೆ ಸಂಜೆಯೊಳಗೆ ಹತ್ತೂರಿಗೆ ಸುದ್ದಿ. ಸಕ್ಕುಬಾಯಿಗೆ ಬೇಕಾಗಿದ್ದದ್ದೂ ಅದೇ ಸುದ್ದಿ. ಇಲ್ಲೇ ತಗೋರಿ, ಇಲ್ಲದಿದ್ದರೆ ಊರಿಗೆಲ್ಲ ಹೇಳುತ್ತೇನೆ ಅಂದಿದ್ದರೆ ಮುದುಕರು ಬಗ್ಗುತ್ತಿದ್ದರು. ಅನ್ನಲಿಲ್ಲ. ಸೂಜಿಗೆ ಶರತ್ತು ಹಾಕುವವಳಲ್ಲ ಅವಳು. ಬ್ಯಾರಲ್ಲಿನ ಮುಂದೆ ಕೂತವರ ಸುದ್ದಿ ಅವಳ ಬಾಯಿಂದ ಇಂದಿನ ತನಕ ಹೊರಬಿದ್ದದ್ದೂ ಇಲ್ಲ.

"ಎಲ್ಲಿ ಬೇಕಾದ್ರೂ ತಗೋರಿ ಕಾಕಾ. ಆದ್ರ ಈಗಿಂದೀಗ ಹೋಗ್ರಿ, ಸೀರಮ್ ಬಿಡಬ್ಯಾಡ್ರಿ, ನಾಲ್ಕೂ ಮುಗಸ್ರಿ. ಒಂದs ಮಾತು ಕೇಳ್ತೇನಿ. ಬರೋ ಐತವಾರ ಅಂಗಳಾ ಮುಚ್ರಿ."

ಬಾಬಾಸಾಹೇಬರು ಟವೆಲ್ ಸುತ್ತಿಕೊಂಡು ಟಂಟಂ ಹತ್ತಿದರು. ರಾತ್ರಿ ಊಟದ ಮುಂಚೆ ಫೋನು ಮಾಡಿ ಸೂಜಿ ಆಯಿತೇ ಎಂದು ಕೇಳಿದಳು. "ಆತವ್ವ" ಎಂದು ಒಂದೇ ಮಾತು ಬಂತು. ಮೋತ್ಯಾ ಬುಧವಾರ ಸತ್ತಿತೆಂದು ಆಮೇಲೆ ತಿಳಿಯಿತು.

ಸಕ್ಕುಬಾಯಿಯ ಪಕ್ಕ ಕೂತು ಬೀಡಿ ಕಲಿತ ಹುಡುಗಿಯೊಬ್ಬಳಿದ್ದಾಳೆ, ದೀಪಾಲಿ. ನಾಲ್ಕು ಮನೆ ಆಚೆಯ ಲಕ್ಷ್ಮಿಬಾಯಿಯ ಸೊಸೆ. ಅವಳಿಗೂ ಇಪ್ಪತ್ತಮೂರು ವರ್ಷ, ಐದು ತಿಂಗಳ ಬಸುರಿ. ಮುಂದಿನ ಶನಿವಾರ ಸಂಜೆ ಕಾರ್ಖಾನೆಗೆ ಮಾಲು ಕೊಟ್ಟು ಬರುವಾಗ ಬೀದಿನಾಯಿಯೊಂದು ಅವಳ ಎಡಗೈಯ ಎರಡು ಬೆರಳು ಸೀಳಿತು. ಹುಡುಗಿ ಹೆದರಲಿಲ್ಲ. ಸೀದಾ ಬಂದು ಕಲ್ಲಿನ ಮೇಲೆ ಕೂತಳು. ಸಕ್ಕುಬಾಯಿ ಒಂದು ಕಟ್ಟು ಮುಗಿಸಿದಳು. ಆದರೆ ದವಾಖಾನೆಯ ಮಾತು ಬಂದಾಗ ಲಕ್ಷ್ಮಿಬಾಯಿ ಅಡ್ಡ ನಿಂತಳು.

"ಬಸುರಿ ಹೆಂಗಸಿಗೆ ಸೂಜಿ ಚುಚ್ಚಿಸಿ ಕೂಸಿಗೆ ಏನಾರ ಆದ್ರ ನೀ ಕೊಡ್ತೀಯೇನು? ಉಗುರಿಲೆ ಹೋಗೂದಕ್ಕ ಕೊಡಲಿ ಯಾಕ? ನಾ ಸಣ್ಣಾಕಿ ಇದ್ದಾಗ ಕಾಕಾನ ಗುಳಿಗಿ ತಿಂದs ಉಳದೇನಿ. ನಾಳೆ ಐತವಾರ. ಅಲ್ಲಿಗೇ ಒಯ್ತೇನಿ."

"ಕೂಸಿಗೆ ಏನೂ ಆಗೂದಿಲ್ಲ ವೈನಿ. ಬಸುರಿ ಬಾಣಂತಿ ಎಲ್ಲಾರೂ ತಗೋಬಹುದು. ತಗೋಳ್ಳಿಲ್ಲಂದ್ರ ಇಬ್ಬರೂ ಹೋಗ್ತಾರ."

"ಕೆಟ್ಟ ನುಡೀಬ್ಯಾಡ!" ಲಕ್ಷ್ಮಿಬಾಯಿ ಸೊಸೆಯ ಕೈ ಹಿಡಿದು ಮನೆಗೆ ನಡೆದುಬಿಟ್ಟಳು. ಮಗ ಕಬ್ಬಿನ ಲಾರಿಯ ಮೇಲೆ ಊರಾಚೆ ಇದ್ದ. ದೀಪಾಲಿ ತಿರುಗಿ ತಿರುಗಿ ನೋಡುತ್ತಾ ಹೋದಳು. "ಮಾವಶಿ" ಎಂದು ಒಮ್ಮೆ ಕರೆದಳು. ಸಕ್ಕುಬಾಯಿಗೆ ಆ ರಾತ್ರಿ ಊಟ ಇಳಿಯಲಿಲ್ಲ.

ಬೆಳಗಾಗುತ್ತಲೇ ಅತ್ತೆ ಸೊಸೆ ಹತ್ತಿದ ಟಂಟಂ ಅನ್ನೇ ಸಕ್ಕುಬಾಯಿಯೂ ಹತ್ತಿದಳು. ಲಕ್ಷ್ಮಿಬಾಯಿ ಮುಖ ತಿರುವಿದಳು, ಇಳಿ ಅನ್ನಲಿಲ್ಲ. ತೋಟದ ಗೇಟು ತೆರೆದಿತ್ತು. ಅಂಗಳ ಎಂದಿನ ಹಾಗೇ ತುಂಬಿತ್ತು. ಇಪ್ಪತ್ತು ಇಪ್ಪತ್ತೈದು ಜನ ಸಾಲಾಗಿ ಕೂತಿದ್ದರು, ಎದುರಿಗೆ ಹಿತ್ತಾಳೆಯ ಡಬ್ಬಿ ಹಿಡಿದು ಬಾಬಾಸಾಹೇಬರು, ಬಿಳಿ ರುಮಾಲು, ಪಾದ ಮುಚ್ಚುವಷ್ಟು ಇಳಿಬಿಟ್ಟ ಧೋತರ.

ಅಂಗಳ ಮುಚ್ಚಿರಲಿಲ್ಲ. ಸಕ್ಕುಬಾಯಿಯ ಮೈಯೆಲ್ಲ ಉರಿಯಿತು. ಒಂದು ಕೂಗು ಹಾಕಿ, ಆ ಧೋತರ ಎತ್ತಿ ತೋರಿಸಿದರೆ ಮುಗಿಯಿತು. ಆದರೆ ಅವಳಿಗೆ ಈ ಜನ ಗೊತ್ತು. ಹತ್ತೊಂಬತ್ತು ವರ್ಷ ಅವಳು ಕೂಗಿದ್ದನ್ನು ಕೇಳಿ ದಾಟಿ ಹೋದವರೇ ಇವರು. ಕಾಕಾನ ಕಾಲಿಗೆ ಏನೋ ಆಗಿದೆ, ಈಕೆ ಅವಮಾನ ಮಾಡಿದಳು ಎಂದು ಹೇಳಿ ಗುಳಿಗೆ ನುಂಗಿ ಹೋಗುತ್ತಾರೆ. ಈ ಮಾತು ಕಾಕಾನ ಬಾಯಿಂದಲೇ ಬರಬೇಕು, ಇಲ್ಲವಾದರೆ ದೀಪಾಲಿ ಉಳಿಯುವುದಿಲ್ಲ. ಅವಳು ಸುಮ್ಮನೆ ದೀಪಾಲಿಯ ಪಕ್ಕ ಸಾಲಿನಲ್ಲಿ ಕೂತಳು.

ಬಾಬಾಸಾಹೇಬರು ಒಬ್ಬೊಬ್ಬರಿಗೆ ಕೊಡುತ್ತಾ ಬಂದರು. ಇವರ ಮುಂದೆ ಬಂದಾಗ ಸಕ್ಕುಬಾಯಿಯನ್ನು ಕಂಡು ಡಬ್ಬಿಯ ಮೇಲಿನ ಕೈ ಬಿಗಿಯಾಯಿತು.

"ನನ್ನ ಸೊಸೀರಿ ಕಾಕಾ" ಅಂದಳು ಲಕ್ಷ್ಮಿಬಾಯಿ. "ಬಸುರಿ ಅದಾಳ. ಸೂಜಿ ಬ್ಯಾಡಂತ ನಿಮ್ಮ ಕಡೆ ಕರಕೊಂಡು ಬಂದೇನಿ. ನೀವs ನಮ್ಮ ದೇವರು."

ಗುಳಿಗೆ ಅವರ ಅಂಗೈಯಲ್ಲಿತ್ತು. ದೀಪಾಲಿ ಕೈ ಚಾಚಿರಲಿಲ್ಲ. ಸೀಳಿದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಸಕ್ಕುಬಾಯಿಯನ್ನೇ ನೋಡುತ್ತಿದ್ದಳು.

"ನಾ ಏನೂ ಅನ್ನೂದಿಲ್ಲ ಕಾಕಾ" ಅಂದಳು ಸಕ್ಕುಬಾಯಿ, ಅವಳ ಇಡೀ ಜೀವಮಾನದ ಅತ್ಯಂತ ಮೆತ್ತನೆಯ ದನಿಯಲ್ಲಿ. "ನೀವs ಹೇಳ್ರಿ. ಈ ಗುಳಿಗಿ ಕೊಡ್ತೀರೇನು ಈಕಿಗೆ?"

ಬಾಬಾಸಾಹೇಬರು ಮೆಲ್ಲಗೆ ಹೋಗಿ ಹೊರಸಿನ ಅಂಚಿಗೆ ಕೂತರು. ಧೋತರ ಮೊಣಕಾಲಿನ ತನಕ ಎತ್ತಿದರು. ನಾಲ್ಕು ಹಲ್ಲಿನ ಗಾಯ ಎಲ್ಲರಿಗೂ ಕಂಡಿತು.

"ಹೋದ ಐತವಾರ ಜನಾ ಎಲ್ಲಾ ಹೋದ ಮ್ಯಾಲೆ ನನ್ನ ನಾಯಿ ನನಗ ಕಚ್ಚಿತು. ಬುಧವಾರ ನೊರಿ ಸುರಿಸಿ ಸತ್ತಿತು."

"ಅಯ್ಯ!" ಅಂದರು ಯಾರೋ. "ಮತ್ತ ಗುಳಿಗಿ ತಗೊಂಡ್ರ್ಯಾ ಕಾಕಾ?"

"ಡಬ್ಬಿ ಮನ್ಯಾಗs ಇತ್ತು. ತುಂಬಿತ್ತು." ಡಬ್ಬಿ ಎತ್ತಿ ತೋರಿಸಿದರು. "ನಾ ಒಂದೂ ತಿನ್ನಲಿಲ್ಲ. ಓಡಿ ಹೋಗಿ ಈ ಸಕ್ಕುಬಾಯಿ ಮುಂದ ಕುಂತು ತೊಳಕೊಂಡೆ. ಕೊಲ್ಹಾಪುರದಾಗ ಮಾರಿ ಮುಚಗೊಂಡು ಸೂಜಿ ತಗೊಂಡೆ. ಇವತ್ತ ಮೂರನೇದು ಐತಿ. ನನ್ನ ಜೀವಕ್ಕ ಸಾಕಾಗದ ಗುಳಿಗಿ ನಿಮ್ಮ ಜೀವಕ್ಕ ಕೊಡಾಕ ಮುಂಜಾನೆದ್ದು ಕುಂತೇನಿ, ನೋಡ್ರಿ."

ಅಥಣಿ ಕಡೆಯಿಂದ ಬಂದಿದ್ದ ಸಂಜಯ ಎಂಬ ದ್ರಾಕ್ಷಿ ತೋಟದವನು ಎದ್ದು ನಿಂತ. "ಹೋದ ತಿಂಗಳ ನನ್ನ ತಮ್ಮಗ ಕೊಟ್ರಲ್ಲಾ! ಅವಂದೇನು?" ಎಂದು ಕೂಗಿದ. ಸಕ್ಕುಬಾಯಿಯೇ ಹೇಳಿದಳು. "ತಮ್ಮ ಹುಷಾರ ಅದಾನಿಲ್ಲೋ? ಹಂಗಾದ್ರ ತಡಾ ಆಗಿಲ್ಲ. ಇವತ್ತs ಕರಕೊಂಡು ಹೋಗಿ ಸೂಜಿ ಹಾಕಸ್ರಿ. ತಿಂಗಳಾತಂತ ಬಿಡಬ್ಯಾಡ್ರಿ. ಇಲ್ಲಿ ಕುಂತವರೂ ಅಷ್ಟೇ, ಏಳ್ರಿ. ಐತವಾರಾದ್ರೂ ದವಾಖಾನಿ ತಗದಿರತೈತಿ."

ಮೊದಲು ಎದ್ದವಳು ಲಕ್ಷ್ಮಿಬಾಯಿ. ಯಾರ ಮುಖವನ್ನೂ ನೋಡದೆ ಸೊಸೆಯ ಬಲಗೈ ಹಿಡಿದು ಎಬ್ಬಿಸಿ, "ಟಂಟಂದಾವ ಎಲ್ಲಿ ಹ್ವಾದ?" ಎಂದು ಕಿರುಚಿದಳು. ಬಾಬಾಸಾಹೇಬರು ಡಬ್ಬಿಯನ್ನು ಹೊರಸಿನ ಮೇಲೆ ಬಿಟ್ಟು ಚಪ್ಪಲಿ ಮೆಟ್ಟಿದರು. ಕೊಲ್ಹಾಪುರಕ್ಕೆ ಹೋಗುವ ಮಾತು ಮತ್ತೆ ಎತ್ತಲಿಲ್ಲ. ಅವರು ಅದೇ ಟಂಟಂನಲ್ಲಿ ಸಕ್ಕುಬಾಯಿಯ ಎದುರಿಗೆ, ಮುಖಕ್ಕೆ ಏನೂ ಸುತ್ತಿಕೊಳ್ಳದೆ ಕೂತರು. ದಾರಿಯುದ್ದಕ್ಕೂ ಅವಳು ದೀಪಾಲಿಯ ಬೆರಳು ನೋಡುತ್ತಿದ್ದಳು.

ದವಾಖಾನೆಯ ಗೇಟಿನ ಹತ್ತಿರ ಸಕ್ಕುಬಾಯಿಯ ಕಾಲು ತುಸು ತಡೆದವು. ಲಕ್ಷ್ಮಿಬಾಯಿ ಮನಸ್ಸು ಬದಲಿಸಿದರೆ ಎಂಬ ಭಯಕ್ಕೆ ಒಳಗೆ ಕಾಲಿಟ್ಟಳು. ಸಾಲಿನಲ್ಲಿ ಮುಂದೆ ದೀಪಾಲಿ, ಹಿಂದೆ ಅತ್ತೆ, ಅವಳ ಹಿಂದೆ ಬಾಬಾಸಾಹೇಬರು. ಅವರನ್ನು ಗುರುತಿಸಿದ ಜನ ಮೊಣಕೈಯಿಂದ ಒಬ್ಬರನ್ನೊಬ್ಬರು ತಿವಿದುಕೊಂಡು ನೋಡುತ್ತಿದ್ದರು. ನೋಡಲಿ ಎಂದು ಅವರೂ ನೆಟ್ಟಗೆ ನಿಂತಿದ್ದರು. ಮೇಜಿನ ಹತ್ತಿರ ತೃಪ್ತಿ ಎಂಬ ಹೊಸ ಸಿಸ್ಟರ್ ಚೀಟಿ ಬರೆಯುತ್ತಿದ್ದಳು. ಗಾಯ ನೋಡಿ, ಎಷ್ಟು ತಿಂಗಳೆಂದು ಕೇಳಿ, ಬಸುರಿಗೂ ಸೀರಮ್, ಸೂಜಿ ಎರಡೂ ಕೊಡಬಹುದು, ಹೆದರಬೇಡಿ ಅಂದಳು. ಆಮೇಲೆ ದೀಪಾಲಿಯ ಭುಜದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ ಸಕ್ಕುಬಾಯಿಯ ಕಡೆ ತಿರುಗಿದಳು.

"ಇವರು ನಿಮಗೇನಾಗಬೇಕ್ರಿ?"

"ತಂಗಿ" ಅಂದಳು ಸಕ್ಕುಬಾಯಿ.

ಸಿಸ್ಟರ್ ಅವಳ ನರೆತ ತಲೆ ನೋಡಿದಳು, ಹುಡುಗಿಯನ್ನು ನೋಡಿದಳು. ಸೊಸೆ ಎಂದು ಹೇಳಲು ಬಾಯಿ ತೆರೆದಿದ್ದ ಲಕ್ಷ್ಮಿಬಾಯಿ ಹಾಗೇ ಮುಚ್ಚಿಕೊಂಡಳು. ಅವರ ಹಿಂದೆ ನಿಂತಿದ್ದ ಬಾಬಾಸಾಹೇಬರು ರುಮಾಲಿನ ತುದಿಯಿಂದ ಕಣ್ಣು ಒತ್ತಿಕೊಂಡರು. ಸಿಸ್ಟರ್ ಬರೆದುಕೊಂಡಳು.

ಸೂಜಿ ಚುಚ್ಚಿದ್ದು ದೀಪಾಲಿಗೆ. ಬೆರಳಿಗೆ ಸೀರಮ್ ಇಳಿಯುವಾಗಲೂ ಹುಡುಗಿ ಹಲ್ಲು ಕಚ್ಚಿ ಸುಮ್ಮನೆ ಕೂತಿದ್ದಳು. ಅತ್ತದ್ದು ಸಕ್ಕುಬಾಯಿ. ಗೋಡೆಗೆ ಆತು ನಿಂತು, ಸೆರಗು ಬಾಯಿಗೆ ತುಂಬಿಕೊಂಡು, ಅಷ್ಟು ಜನರ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು. ಲಕ್ಷ್ಮಿಬಾಯಿ ಒಂದು ಕೈಯಲ್ಲಿ ಅವಳನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಚೀಟಿ ಚಾಚಿ, ಮುಂದಿನ ಸೂಜಿ ಯಾವ ವಾರ ಎಂದು ಸಿಸ್ಟರನ್ನು ಎರಡೆರಡು ಸಲ ಕೇಳಿ ತಿಳಿದುಕೊಂಡಳು.